ಐವತ್ತು ಕೆಬಿಯ ಫೋಟೋ, ಪುಡಿಗಾಸಿನ ಜಾಲತಾಣ

ಸರ್ಕಾರಿ ನೇಮಕಾತಿಗೆ ಅರ್ಜಿ ಕರೆದ ವಾರ ತಾಲ್ಲೂಕು ಕೇಂದ್ರದ ಯಾವ ಸೈಬರ್ ಸೆಂಟರಿಗೆ ಹೋದರೂ ಒಂದೇ ನೋಟ. ಬೆಂಚಿನ ಮೇಲೆ ಅಂಕಪಟ್ಟಿ ಹಿಡಿದು ಕೂತ ಹುಡುಗ ಹುಡುಗಿಯರು, ಕೊನೆಯ ದಿನಾಂಕದ ಗಡಿಬಿಡಿ, ‘ಸರ್ವರ್ ಬ್ಯುಸಿ’ ಎಂಬ ಗೊಣಗಾಟ. ಎಲ್ಲ ತುಂಬಿ ಮುಗಿಯಿತು ಎನ್ನುವಾಗ ಅರ್ಜಿ ಹೊಸ ತಕರಾರು ತೆಗೆಯುತ್ತದೆ: ಫೋಟೋ 50 ಕೆಬಿ ಮೀರಬಾರದು, ಸಹಿ 20 ಕೆಬಿಯ ಒಳಗಿರಬೇಕು. ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿದರೆ ಮೂರು ನಾಲ್ಕು ಎಂಬಿ. ಅಂಗಡಿಯವರು ತಲೆ ಕೆಡಿಸಿಕೊಳ್ಳುವುದಿಲ್ಲ. ಗೂಗಲ್‌ನಲ್ಲಿ ಎರಡು ಪದ ಟೈಪಿಸಿ, ಮೊದಲು ಕಂಡ ಪುಟ ತೆರೆದು, ಫೋಟೋವನ್ನು ಎಳೆದು ಅದರೊಳಗೆ ಹಾಕುತ್ತಾರೆ. ಅರ್ಧ ನಿಮಿಷದಲ್ಲಿ 48 ಕೆಬಿಯ ಫೋಟೋ ತಯಾರು. ಅಂಗಡಿಯವರಿಗೆ ಅರ್ಜಿ ತುಂಬಿದ ಕೂಲಿ ಸಿಗುತ್ತದೆ. ಪುಟದ ಅಂಚಿನಲ್ಲಿ ಮಿನುಗಿ ಹೋದ ಜಾಹೀರಾತಿನಿಂದ ಒಂದಿಷ್ಟು ಪೈಸೆ, ಆ ಪುಟವನ್ನು ಕಟ್ಟಿದ, ಬೆಂಚಿನ ಮೇಲಿದ್ದ ಯಾರಿಗೂ ಹೆಸರು ಗೊತ್ತಿಲ್ಲದ ಇನ್ನೊಬ್ಬರಿಗೆ ಸೇರುತ್ತದೆ.

ಸಾದಾ ಜಾಲತಾಣದಿಂದ ಸಂಪಾದನೆ ಎಂದರೆ ಬಹುಮಟ್ಟಿಗೆ ಇದೇ ವ್ಯವಹಾರ. ಯಾರದೋ ಒಂದು ಸಣ್ಣ ತಾಪತ್ರಯ, ಅದನ್ನು ನೀಗಿಸುವ ಒಂದು ಪುಟ, ಅದರಿಂದ ಒಸರುವ ಪುಡಿಗಾಸು. ಪುಟ ಕಟ್ಟುವುದು ಇದರಲ್ಲಿ ಅತಿ ಸುಲಭದ ಭಾಗ. ಹೊಸಬರು ಅಲ್ಲೇ ಇಡೀ ಬೇಸಿಗೆ ರಜೆ ಕಳೆಯುವುದು ವಿಚಿತ್ರ.

ಸುಲಭ ಯಾಕೆಂದರೆ, ಸಾಮಾನು ಪುಕ್ಕಟೆ. ಬ್ರಿಟನ್ನಿನ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ರೂಪಿಸಿದ ವೆಬ್ 1991ರಲ್ಲಿ ಹೊರಗಿನವರಿಗೆ ತೆರೆದುಕೊಂಡಿತು. 1993ರ ಏಪ್ರಿಲ್ 30ರಂದು ಸರ್ನ್ ಅದರ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟು, ಯಾರು ಬೇಕಾದರೂ ರಾಯಧನವಿಲ್ಲದೆ ಬಳಸಬಹುದು ಎಂದಿತು. ಪುಟದ ಅಸ್ಥಿಪಂಜರ ಬರೆಯುವ ಎಚ್‌ಟಿಎಂಎಲ್, ಅದಕ್ಕೆ ಬಣ್ಣ ಬಟ್ಟೆ ತೊಡಿಸುವ ಸಿಎಸ್‌ಎಸ್, ಜೀವ ಕೊಡುವ ಜಾವಾಸ್ಕ್ರಿಪ್ಟ್ ಮೂರಕ್ಕೂ ಪರವಾನಗಿ ಬೇಡ, ನೋಟ್‌ಪ್ಯಾಡ್ ಸಾಕು. ಕೋಡ್ ಬೇಡವೆನ್ನುವವರಿಗೆ 2003ರಲ್ಲಿ ಬಂದ ವರ್ಡ್‌ಪ್ರೆಸ್ ಇದೆ. ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಅದರ ಮೇಲೆಯೇ ನಿಂತಿವೆ. ಪುಟಗಳನ್ನು ಇಡಲು ಗಿಟ್‌ಹಬ್ 2008ರಿಂದ ಉಚಿತ ಜಾಗ ಕೊಡುತ್ತಿದೆ. ವಿಳಾಸದ ಪಕ್ಕ ಬೀಗದ ಗುರುತು ತರುವ ಪ್ರಮಾಣಪತ್ರಕ್ಕೆ ಒಂದು ಕಾಲದಲ್ಲಿ ಸಾವಿರಾರು ರೂಪಾಯಿ ಬೇಕಿತ್ತು. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಬಂದ ಮೇಲೆ ಅದೂ ಉಚಿತ.

ಕೈಯಿಂದ ದುಡ್ಡು ಬೀಳುವುದು ತಾಣದ ಹೆಸರಿಗೆ ಮಾತ್ರ. ಡಾಟ್ ಇನ್ ವಿಳಾಸವೊಂದಕ್ಕೆ ವರ್ಷಕ್ಕೆ ಸಾವಿರ ರೂಪಾಯಿ ಆಚೀಚೆ. ಮೊದಲ ವರ್ಷ ತೊಂಬತ್ತೊಂಬತ್ತು ರೂಪಾಯಿಗೆ ಕೊಡುತ್ತೇವೆ ಎನ್ನುವವರ ಬಳಿ ಎರಡನೇ ವರ್ಷದ ದರವನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ. ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ವಿಳಾಸ ಪಡೆಯುವ ಸೌಲಭ್ಯವೂ ಇದೆ. ನೋಡಲು ಚೆಂದ, ಆದರೆ ಕನ್ನಡಿಗರೇ ವಿಳಾಸವನ್ನು ಇಂಗ್ಲಿಷಿನಲ್ಲಿ ಟೈಪಿಸಿ ರೂಢಿಯಾಗಿರುವುದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಈ ಕಸುಬಿಗೆ ಬರುವವರ ತಲೆ ಕೆಡಿಸುವ ಕಥೆಯೊಂದಿದೆ. 2005ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಟ್ಯೂ ಎಂಬ 21ರ ತರುಣ ಕಾಲೇಜು ಸೇರುವ ಮುನ್ನ ಫೀಸಿನ ಚಿಂತೆಯಲ್ಲಿದ್ದ. ಆ ವರ್ಷದ ಆಗಸ್ಟ್ 26ರಂದು ಆತ ‘ಮಿಲಿಯನ್ ಡಾಲರ್ ಹೋಮ್‌ಪೇಜ್’ ಎಂಬ ಒಂದೇ ಪುಟದ ತಾಣ ತೆರೆದ. ಪುಟದಲ್ಲಿ ಹತ್ತು ಲಕ್ಷ ಚುಕ್ಕಿಗಳು, ಚುಕ್ಕಿಗೆ ಒಂದು ಡಾಲರ್, ಕನಿಷ್ಠ ನೂರು ಚುಕ್ಕಿ ಕೊಳ್ಳಬೇಕು. ಕೊಂಡವರ ಪುಟಾಣಿ ಚಿತ್ರ ಅಲ್ಲಿ ಕೂರುತ್ತದೆ, ಒತ್ತಿದರೆ ಅವರ ತಾಣ ತೆರೆಯುತ್ತದೆ. ಮೊದಲು ಕೊಂಡವರು ನೆಂಟರು, ಗೆಳೆಯರು. ಪತ್ರಿಕೆಗಳು ಬರೆದವು, ಜನ ಮುಗಿಬಿದ್ದರು. 2006ರ ಜನವರಿಯಲ್ಲಿ ಕೊನೆಯ ಸಾವಿರ ಚುಕ್ಕಿಗಳು ಹರಾಜಿನಲ್ಲಿ 38,100 ಡಾಲರಿಗೆ ಹೋದವು. ಒಟ್ಟು ಗಳಿಕೆ 10,37,100 ಡಾಲರ್. ಅದೇ ಉಪಾಯ ನಕಲು ಮಾಡಿದ ತಾಣಗಳು ನಾಯಿಕೊಡೆಯಂತೆ ಎದ್ದವು, ಅಷ್ಟೇ ಬೇಗ ಬಾಡಿದವು. ಜನ ದುಡ್ಡು ಕೊಟ್ಟಿದ್ದು ಚುಕ್ಕಿಗಲ್ಲ, ಸುದ್ದಿಗೆ. ಸುದ್ದಿಯೊಂದು ಎರಡನೇ ಸಲ ಮಾರಾಟವಾಗುವುದಿಲ್ಲ. ಮೂಲ ಪುಟದ ಗತಿಯೂ ಕೇಳುವಂಥದ್ದೇ. 2017ರಲ್ಲಿ ಹಾರ್ವರ್ಡ್‌ನವರು ಅದರ 2,816 ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ 547 ಪೂರ್ತಿ ಸತ್ತಿದ್ದವು.

ಕಲಿಯಲು ಹೆಚ್ಚು ಸಿಗುವುದು ಕೆನಡಾದ ಮಾರ್ಕಸ್ ಫ್ರಿಂಡ್ ಕಥೆಯಲ್ಲಿ. 2003ರಲ್ಲಿ ಆತ ಹೊಸ ಪ್ರೋಗ್ರಾಮಿಂಗ್ ತಂತ್ರವೊಂದನ್ನು ಕಲಿಯುವ ನೆಪದಲ್ಲಿ ಎರಡು ವಾರ ಕೂತು ‘ಪ್ಲೆಂಟಿ ಆಫ್ ಫಿಶ್’ ಎಂಬ ಜೋಡಿ ಹುಡುಕುವ ತಾಣ ಬರೆದ. ನೋಡಲು ಅಷ್ಟೇನೂ ಚೆಂದವಿರಲಿಲ್ಲ. ಚೆಂದವಿಲ್ಲ ಎಂಬುದಕ್ಕೇ ಅದು ಪ್ರಸಿದ್ಧವಾಯಿತು ಎಂದರೂ ನಡೆದೀತು. ಉಳಿದ ತಾಣಗಳು ತಿಂಗಳ ಚಂದಾ ಕೇಳುತ್ತಿದ್ದಾಗ ಇದು ಉಚಿತ. ಅದೇ ವರ್ಷ ಗೂಗಲ್ ‘ಆ್ಯಡ್‌ಸೆನ್ಸ್’ ಆರಂಭಿಸಿತ್ತು. ಯಾರೇ ಆಗಲಿ ಗೂಗಲ್ ಕೊಟ್ಟ ನಾಲ್ಕು ಸಾಲಿನ ಕೋಡನ್ನು ತಮ್ಮ ಪುಟಕ್ಕೆ ಅಂಟಿಸಿದರೆ ಜಾಹೀರಾತು ತಾನಾಗಿ ಬಂದು ಕೂರುತ್ತದೆ; ಬಂದ ಹಣದಲ್ಲಿ ತಾಣದವರಿಗೂ ಪಾಲು. ಆ ಜಾಹೀರಾತಿನ ದುಡ್ಡಿನ ಮೇಲೆ ಫ್ರಿಂಡ್ 2008ರ ತನಕ ಹೆಚ್ಚುಕಡಿಮೆ ಒಬ್ಬನೇ, ಮನೆಯಿಂದಲೇ ತಾಣ ನಡೆಸಿದ. 2015ರಲ್ಲಿ ಮ್ಯಾಚ್ ಗ್ರೂಪ್ ಅದನ್ನು 57.5 ಕೋಟಿ ಡಾಲರಿಗೆ ಕೊಂಡಿತು. ಅಂಥ ಮೊತ್ತ ಕೋಟಿಗೊಬ್ಬರಿಗೆ. ಹೊಸಬರು ಗಮನಿಸಬೇಕಾದ್ದು ಬೇರೆ: ತಾಣದ ಒಳಗಿನ ಸರಕನ್ನೆಲ್ಲ ತುಂಬಿದವರು ಬಂದುಹೋಗುವ ಜನರೇ. ಮಾಲೀಕನಿಗೆ ದಿನಾ ಹೊಸದಾಗಿ ಬರೆಯುವ ಹಂಗಿರಲಿಲ್ಲ.

ಹಂಗು ತಪ್ಪಿಸಿಕೊಳ್ಳುವ ಇನ್ನೊಂದು ದಾರಿಯೂ ಇದೆ. ಪ್ರಾಗ್‌ನಲ್ಲಿರುವ ಇವಾನ್ ಕುತ್ಸ್ಕಿರ್ ಎಂಬಾತ ಒಬ್ಬನೇ ಬರೆದು ನಡೆಸುವ ‘ಫೋಟೋಪಿಯಾ’ ಬ್ರೌಸರಿನಲ್ಲೇ ಫೋಟೋಶಾಪ್ ಕಡತ ತೆರೆದು ತಿದ್ದಲು ಬಿಡುತ್ತದೆ. ನಮ್ಮ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರುಗಳಲ್ಲೂ ಕೆಲವೊಮ್ಮೆ ಅದು ತೆರೆದಿರುತ್ತದೆ. ಮುಖ್ಯ ಆದಾಯ ಜಾಹೀರಾತು. ಇದರ ಗುಟ್ಟು, ಚಿತ್ರ ತಿದ್ದುವ ಲೆಕ್ಕಾಚಾರವೆಲ್ಲ ಬಳಸುವವರ ಕಂಪ್ಯೂಟರಿನಲ್ಲೇ ಆಗುವುದು. ತಾಣ ಕೊಡುವುದು ಜಾವಾಸ್ಕ್ರಿಪ್ಟ್ ಕಡತ ಮಾತ್ರ. ಹತ್ತು ಜನ ಬಂದರೂ ಹತ್ತು ಸಾವಿರ ಜನ ಬಂದರೂ ಸರ್ವರಿನ ಖರ್ಚು ಅಷ್ಟಾಗಿ ಏರುವುದಿಲ್ಲ. ಅಡುಗೆಯವನು ಪಾಕದ ಚೀಟಿ ಕೊಟ್ಟು ಕಳಿಸುತ್ತಾನೆ, ಒಲೆ ಸೌದೆ ಅವರವರ ಮನೆಯದು ಅಂದ ಹಾಗೆ. ಕನ್ನಡದಲ್ಲಿ ಇದಕ್ಕೆ ಕಣ್ಣೆದುರಿಗೇ ಉದಾಹರಣೆ ಇದೆ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸಿಕೊಡುವ ಪುಟಗಳಿಲ್ಲದೆ ಎಷ್ಟೋ ಪತ್ರಿಕಾ ಕಚೇರಿ, ಡಿಟಿಪಿ ಕೇಂದ್ರಗಳ ದಿನ ಸಾಗುವುದಿಲ್ಲ. ಎರಡು ಚೌಕ, ನಡುವೆ ಒಂದು ಗುಂಡಿ, ಅಷ್ಟೇ ಅದರ ವಿನ್ಯಾಸ.

ಉಪಯುಕ್ತವಾದದ್ದೆಲ್ಲ ದುಡ್ಡಿಗೇ ಹುಟ್ಟಬೇಕೆಂದೂ ಇಲ್ಲ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಹೆಸರಿನ ತಾಣವಾಗಿ ಎಲ್ಲರಿಗೂ ಮುಕ್ತವಾಯಿತು. ಒಂದೂವರೆ ಲಕ್ಷ ಪದಗಳ ಸಂಪತ್ತು, ಮುಖಪುಟದಲ್ಲಿ ಕಾಣುವುದು ಒಂದು ಹುಡುಕು ಪಟ್ಟಿ.

ಇನ್ನು ದುಡ್ಡಿನ ಲೆಕ್ಕ. ಆ್ಯಡ್‌ಸೆನ್ಸ್ ಒಪ್ಪುವ ಭಾಷೆಗಳ ಪಟ್ಟಿಗೆ ಹಿಂದಿ 2014ರಲ್ಲಿ ಸೇರಿತು, ಕನ್ನಡ ಸೇರಲು ಮತ್ತೂ ಕೆಲವು ವರ್ಷ ಹಿಡಿಯಿತು. ಖಾತೆಯಲ್ಲಿ ನೂರು ಡಾಲರ್ ಆಗುವವರೆಗೆ ಗೂಗಲ್ ಹಣ ಕಳಿಸುವುದಿಲ್ಲ. ಸಾವಿರ ಸಲ ಪುಟ ತೆರೆದರೆ ಅರ್ಧ ಡಾಲರ್ ಬರುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನೂರು ಡಾಲರ್ ಆಗಲು ಎರಡು ಲಕ್ಷ ಸಲ ತೆರೆಯಬೇಕು. ಒಂದೇ ತಿಂಗಳಲ್ಲಿ ಬೇಕೆಂದರೆ ದಿನಕ್ಕೆ ಆರೂವರೆ ಸಾವಿರಕ್ಕಿಂತ ಹೆಚ್ಚು. ದಿನಕ್ಕೆ ನಲವತ್ತು ಜನ ಬರುವ ತಾಣಕ್ಕೆ ಇದು ಹದಿಮೂರು ವರ್ಷಕ್ಕೂ ಮೀರಿದ ಹಾದಿ. ದರವೂ ಒಂದೇ ಇರುವುದಿಲ್ಲ. ಸಾಲ, ವಿಮೆಯ ಬಗ್ಗೆ ಓದುವವರಿಗೆ ತೋರಿಸುವ ಜಾಹೀರಾತಿಗೆ ಕಂಪನಿಗಳು ಹೆಚ್ಚು ಕೊಡುತ್ತವೆ, ಭವಿಷ್ಯ ನೋಡುವವರಿಗೆ ಕಡಿಮೆ.

ಗಳಿಕೆ ಹತ್ತು ಡಾಲರ್ ಮುಟ್ಟಿದಾಗ ನಡೆಯುವ ಒಂದು ಸಂಗತಿ ಸ್ವಾರಸ್ಯದ್ದು. ವಿಳಾಸ ಖಚಿತಪಡಿಸಿಕೊಳ್ಳಲು ಗೂಗಲ್ ಅಂಚೆಯಲ್ಲಿ ಕಾಗದ ಕಳಿಸುತ್ತದೆ, ಒಳಗೆ ಆರು ಅಂಕಿಯ ಪಿನ್. ಅಷ್ಟು ದೊಡ್ಡ ಅಂತರಜಾಲ ಕಂಪನಿಯ ವ್ಯವಹಾರವೂ ಕೊನೆಗೆ ಊರಿನ ಪೋಸ್ಟ್‌ಮ್ಯಾನ್ ಸೈಕಲ್ಲಿನ ಮೇಲೆ ನಿಂತಿದೆ. ಕಾಗದ ಬಂದ ಖುಷಿಯಲ್ಲಿ ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ‘ಜಾಹೀರಾತು ಒತ್ತಿರಪ್ಪ’ ಎಂದು ಬರೆದರೆ ಕಥೆ ಮುಗಿಯಿತು. ಸುಳ್ಳು ಒತ್ತುಗಳನ್ನು ಪತ್ತೆಹಚ್ಚುವುದರಲ್ಲಿ ಗೂಗಲ್ ಪಳಗಿದೆ, ಖಾತೆ ಮುಚ್ಚಿಸಿಕೊಂಡವರು ಎಷ್ಟೋ ಮಂದಿ.

ಜನ ಬರುವ ದಾರಿಯೂ ಬದಲಾಗಿದೆ. ಹುಡುಕಿದ ಪ್ರಶ್ನೆಗೆ ಗೂಗಲ್ ತಾನೇ ಕೃತಕ ಬುದ್ಧಿಮತ್ತೆಯಿಂದ ಉತ್ತರ ಹೆಣೆದು ಮೇಲ್ಗಡೆ ತೋರಿಸುವ ಕ್ರಮ 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಶುರುವಾಗಿ ಆಗಸ್ಟಿನಲ್ಲಿ ಭಾರತಕ್ಕೆ ಬಂತು. ‘ಯುಗಾದಿ ಯಾವ ದಿನ’ ಎಂಬಂಥ ಒಂದು ಸಾಲಿನ ಉತ್ತರದ ಪುಟಗಳಿಗೆ ಇನ್ನು ಯಾರು ಬರುತ್ತಾರೆ? ಅದೇ ಯಂತ್ರದಿಂದ ರಾತ್ರೋರಾತ್ರಿ ಸಾವಿರ ಪುಟ ಬರೆಸಿ ತುಂಬುವ ಚಾಳಿಗೂ ಗೂಗಲ್ 2024ರ ಮಾರ್ಚ್‌ನಲ್ಲೇ ಕಡಿವಾಣ ಹಾಕಿದೆ. ಫೋಟೋ ಕುಗ್ಗಿಸುವ, ಲಿಪಿ ಬದಲಿಸುವ, ಬಡ್ಡಿ ಲೆಕ್ಕ ಹಾಕಿಕೊಡುವ ಕೆಲಸದ ಪುಟಗಳಿಗೆ ಸದ್ಯಕ್ಕೆ ಪೆಟ್ಟು ಕಡಿಮೆ.

ಜಾಹೀರಾತು ಬಿಟ್ಟರೆ ಕಮಿಷನ್ ದಾರಿ. ಅಮೆಜಾನ್ 1996ರಿಂದಲೂ, ತನ್ನ ಸರಕಿನ ಕೊಂಡಿ ಹಾಕಿ ಗಿರಾಕಿ ಕಳಿಸಿದವರಿಗೆ ಮಾರಾಟದಲ್ಲಿ ಪಾಲು ಕೊಡುತ್ತಿದೆ. ಕೊಂಡಿಯಿಂದ ತನಗೆ ಲಾಭವಿದೆ ಎಂದು ಓದುಗರಿಗೆ ತಿಳಿಸುವುದು ಮರ್ಯಾದೆಯಷ್ಟೇ ಅಲ್ಲ, ಷರತ್ತು ಕೂಡ.

ಹೊಸಬರಿಗೆ ಬೇಗ ಕೈಗೆ ಹತ್ತುವ ದುಡ್ಡು ಮಾತ್ರ ಇವೆರಡರಲ್ಲೂ ಇಲ್ಲ. ಅದಿರುವುದು ಇನ್ನೊಬ್ಬರಿಗೆ ತಾಣ ಕಟ್ಟಿಕೊಡುವುದರಲ್ಲಿ. ಮಲೆನಾಡಿನ ಒಂದು ಹೋಮ್‌ಸ್ಟೇಯನ್ನೇ ತೆಗೆದುಕೊಳ್ಳಿ. ನಾಲ್ಕು ಕೊಠಡಿ, ಹಿಂದೆ ಅಡಿಕೆ ತೋಟ, ಮುಂದೆ ಹಳ್ಳ. ಬುಕಿಂಗ್ ಆ್ಯಪಿನವರು ಪ್ರತಿ ಅತಿಥಿಯ ಮೇಲೂ ಕಮಿಷನ್ ಮುರಿದುಕೊಳ್ಳುತ್ತಾರೆ. ಹೋಮ್‌ಸ್ಟೇಯವರಿಗೆ ಬೇಕಾದ್ದು ಮೂರೇ ಪುಟ: ಒಳ್ಳೆಯ ಬೆಳಕಿನಲ್ಲಿ ತೆಗೆದ ಹತ್ತು ಫೋಟೋ, ಕೊಠಡಿಯ ದರ, ಒತ್ತಿದರೆ ವಾಟ್ಸ್ಆ್ಯಪ್ ತೆರೆಯುವ ಗುಂಡಿ. ಜೊತೆಗೆ ಗೂಗಲ್ ನಕ್ಷೆಯಲ್ಲಿ ಸರಿಯಾದ ಜಾಗಕ್ಕೆ ಚುಕ್ಕಿ. ಕೊನೆಯದ್ದು ತಪ್ಪಿದರೆ ರಾತ್ರಿ ಹತ್ತು ಗಂಟೆಗೆ ಬೆಂಗಳೂರಿನ ಕಾರು ಪಕ್ಕದೂರಿನವರ ಅಂಗಳದಲ್ಲಿ ನಿಂತಿರುತ್ತದೆ. ಇಷ್ಟನ್ನು ಕಲಿತ ಡಿಗ್ರಿ ವಿದ್ಯಾರ್ಥಿ ವಾರದಲ್ಲಿ ಮುಗಿಸಬಲ್ಲ.

ಇಲ್ಲಿ ಎರಡು ಎಡವಟ್ಟು ಸಾಮಾನ್ಯ. ಒಂದು, ಡೊಮೇನನ್ನು, ಅಂದರೆ ತಾಣದ ವಿಳಾಸವನ್ನು, ಕಟ್ಟುವವರೇ ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು. ನಾಳೆ ಮನಸ್ತಾಪ ಬಂದರೆ ಮಾಲೀಕರ ಬೋರ್ಡು ಇನ್ನೊಬ್ಬರ ಕೈಯಲ್ಲಿ. ಮಾಲೀಕರ ಇಮೇಲ್, ಮಾಲೀಕರ ಹೆಸರು, ರಸೀದಿಯೂ ಅವರಿಗೇ ಎಂಬುದು ಸರಿಯಾದ ಕ್ರಮ. ಇನ್ನೊಂದು, ಕಟ್ಟಿದ ಕೂಲಿ ಇಸಿದುಕೊಂಡು ಹೊರಟುಬಿಡುವುದು. ಡೊಮೇನ್ ನವೀಕರಿಸದೆ ಬಿಟ್ಟರೆ ಯಾರೋ ಅದನ್ನು ಕೊಂಡು ಜೂಜಿನ ಜಾಹೀರಾತು ಹಾಕುತ್ತಾರೆ, ಹಳೆಯ ಅತಿಥಿಗಳು ವಿಳಾಸ ಒತ್ತಿ ಬೆಚ್ಚಿಬೀಳುತ್ತಾರೆ. ಹಾಗಾಗಿ ನವೀಕರಣ, ಸಣ್ಣಪುಟ್ಟ ತಿದ್ದುಪಡಿ ಎಂದು ವರ್ಷಕ್ಕಿಷ್ಟು ಮಾತಾಡಿಕೊಳ್ಳುವವರಿಗೆ ಹತ್ತು ಗಿರಾಕಿ ಆದ ಮೇಲೆ ಒಂದು ಖಾಯಂ ಆದಾಯ ನಿಲ್ಲುತ್ತದೆ. ಅದರ ಕೆಲಸವೂ ಮಹಾ ಏನಲ್ಲ. ಮೇ ತಿಂಗಳ ನೂಕುನುಗ್ಗಲಿನಲ್ಲಿ ‘ಕೊಠಡಿಗಳು ಭರ್ತಿ’ ಎಂದು ಮುಖಪುಟದಲ್ಲಿ ಹಾಕಿದ ಸಾಲು, ಮಳೆ ನೋಡಲು ಬರುವವರು ಹುಡುಕುವ ಆಗಸ್ಟಿನಲ್ಲೂ ಹಾಗೇ ಉಳಿದಿದ್ದರೆ ಫೋನ್ ಬರುವುದಿಲ್ಲ. ಅದನ್ನು ಅಳಿಸಲು ಎರಡು ನಿಮಿಷ ಬೇಕು, ಆದರೆ ನೆನಪಿಟ್ಟುಕೊಂಡು ಅಳಿಸುವ ಒಬ್ಬರು ಬೇಕು.