ರಿಪೋರ್ಟಿನಲ್ಲಿ ‘ಹೆಪ್ಪುಗಟ್ಟುವುದು ತಡ’, ಚೀಟಿಯಲ್ಲಿ ವಾರ್ಫರಿನ್: ಯಾಕೆ ಹೀಗೆ?

ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ್ದೀರಿ. ರಿಪೋರ್ಟಿನಲ್ಲಿ ಎಪಿಟಿಟಿ ಎಂಬ ಸಾಲಿನ ಎದುರು ಮಾಮೂಲಿಗಿಂತ ಹೆಚ್ಚು ಸೆಕೆಂಡುಗಳಿವೆ. ಅಂದರೆ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತಿದೆ. ಹಾಗಿದ್ದ ಮೇಲೆ ಹೆಪ್ಪು ತಡೆಯುವ ವಾರ್ಫರಿನ್ ಏಕೆ? ಔಷಧಿ ಕೌಂಟರಿನಲ್ಲಿ ನನಗೆ ಈ ಪ್ರಶ್ನೆ ಎಷ್ಟೋ ಸಲ ಎದುರಾಗಿದೆ. ಕೇಳುವುದು ಸರಿಯೇ. ಆದರೆ ಈ ಲೆಕ್ಕದ ಮೇಲೆ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್, ಅಂದರೆ ಎಪಿಎಸ್, ಇರುವವರ ದೇಹ ತನ್ನ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುತ್ತದೆ. ಲ್ಯಾಬಿನ ನಳಿಕೆಯಲ್ಲಿ ಹೆಪ್ಪುಗಟ್ಟಲು ಫಾಸ್ಫೊಲಿಪಿಡ್ ಎಂಬ ಕೊಬ್ಬಿನಂಶ ಬೇಕು. ಪ್ರತಿಕಾಯಗಳು ಅದಕ್ಕೇ ಅಂಟಿಕೊಂಡು ಕೂರುವುದರಿಂದ ಸಮಯ ಹೆಚ್ಚಾಗಿ ಕಾಣುತ್ತದೆ. ದೇಹದೊಳಗೆ ಅವು ಮಾಡುವುದು ಬೇರೆಯೇ ಕೆಲಸ: ರಕ್ತನಾಳದ ಒಳಪದರವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸಿ ಹೆಪ್ಪುಗಟ್ಟಿಸುತ್ತವೆ. ಇದಕ್ಕೆ ‘ಲೂಪಸ್ ಆಂಟಿಕೋಆಗ್ಯುಲೆಂಟ್’ ಎಂದು ಹೆಸರು. ಅನುವಾದಿಸಲು ಕೂತಾಗಲೆಲ್ಲ ನನಗೆ ಈ ಹೆಸರಿನ ಮೇಲೆ ಸಿಟ್ಟು ಬರುತ್ತದೆ. ಇದಿರುವ ಬಹಳಷ್ಟು ಜನರಿಗೆ ಲೂಪಸ್ ಇರುವುದಿಲ್ಲ, ದೇಹದಲ್ಲಿ ಇದು ಹೆಪ್ಪು ತಡೆಯುವುದೂ ಇಲ್ಲ.

ಎಪಿಟಿಟಿ ಹೆಚ್ಚಾದರೆ ಲ್ಯಾಬಿನವರು ನಿಮ್ಮ ಪ್ಲಾಸ್ಮಾಕ್ಕೆ ಆರೋಗ್ಯವಂತರ ಪ್ಲಾಸ್ಮಾವನ್ನು ಸಮಪಾಲು ಬೆರೆಸಿ ನೋಡುತ್ತಾರೆ. ಸಮಯ ಸರಿಹೋದರೆ ಯಾವುದೋ ಅಂಶದ ಕೊರತೆ ಇತ್ತೆಂದು ಅರ್ಥ. ಸರಿಹೋಗದಿದ್ದರೆ ಅಡ್ಡಿಪಡಿಸುವ ವಸ್ತುವೊಂದು ಇದೆ ಎಂಬ ಸುಳಿವು. ಜೊತೆಗೆ ಡಿಆರ್‌ವಿವಿಟಿ ಎಂಬ ಪರೀಕ್ಷೆಯೂ ಇದೆ. ಅದರಲ್ಲಿ ಬಳಸುವುದು ನಮ್ಮ ಹೊಲಗದ್ದೆಗಳ ಕೊಳಕುಮಂಡಲದ ವಿಷ! ಅದು ಹೆಪ್ಪುಗಟ್ಟಿಸುವ ಹತ್ತನೇ ಅಂಶವನ್ನು ನೇರವಾಗಿ ಎಬ್ಬಿಸುತ್ತದೆ.

ಈ ಪರೀಕ್ಷೆಗಳನ್ನು ಔಷಧಿಗಳು ಸುಲಭವಾಗಿ ದಾರಿ ತಪ್ಪಿಸುತ್ತವೆ. ರಿವರಾಕ್ಸಬಾನ್ ತೆಗೆದುಕೊಳ್ಳುವವರಲ್ಲಿ ಡಿಆರ್‌ವಿವಿಟಿ ಸುಳ್ಳು ಪಾಸಿಟಿವ್ ಬರಬಹುದು. ಹೆಪಾರಿನ್, ವಾರ್ಫರಿನ್ ಕೂಡ ಗೊಂದಲ ಮಾಡುತ್ತವೆ. ರಕ್ತ ಕೊಡುವಾಗ ಔಷಧಿಯ ಹೆಸರು, ಕೊನೆಯ ಡೋಸ್ ತೆಗೆದುಕೊಂಡ ಹೊತ್ತು ಎರಡನ್ನೂ ಬರೆಸಿ. ಪರೀಕ್ಷೆಗೆಂದು ನೀವಾಗಿಯೇ ಮಾತ್ರೆ ಬಿಡಬೇಡಿ.

ಆಂಟಿಕಾರ್ಡಿಯೊಲಿಪಿನ್, ಆಂಟಿ ಬೀಟಾ-2 ಗ್ಲೈಕೊಪ್ರೋಟೀನ್ ಎಂಬ ಇನ್ನೆರಡು ಪರೀಕ್ಷೆಗಳು ಪ್ರತಿಕಾಯಗಳನ್ನೇ ನೇರವಾಗಿ ಅಳೆಯುತ್ತವೆ. ಇವುಗಳ ಮೇಲೆ ಔಷಧಿಯ ಗೊಂದಲ ಅಷ್ಟಿಲ್ಲ. ಮೂರೂ ಪಾಸಿಟಿವ್ ಇದ್ದವರಿಗೆ ಅಪಾಯ ಹೆಚ್ಚು. ಅಂಥವರಿಗೆ ವೈದ್ಯರು ರಿವರಾಕ್ಸಬಾನ್ ಬದಲು ವಾರ್ಫರಿನ್ ಬರೆಯುವುದಕ್ಕೆ ಕಾರಣವಿದೆ: ಎರಡನ್ನೂ ಹೋಲಿಸಿದ ಅಧ್ಯಯನದಲ್ಲಿ ರಿವರಾಕ್ಸಬಾನ್ ಗುಂಪಿನಲ್ಲೇ ಹೆಚ್ಚು ಮಂದಿಗೆ ಮತ್ತೆ ಹೆಪ್ಪುಗಟ್ಟಿತ್ತು.

ಒಂದೇ ರಿಪೋರ್ಟಿನಿಂದ ಎಪಿಎಸ್ ಎಂದು ತೀರ್ಮಾನಿಸುವುದಿಲ್ಲ. ಜ್ವರ, ಸೋಂಕಿನ ಸಮಯದಲ್ಲೂ ಪ್ರತಿಕಾಯ ಕಾಣಿಸಿಕೊಂಡು ಮಾಯವಾಗಬಹುದು. ಆದ್ದರಿಂದ ಕನಿಷ್ಠ 12 ವಾರ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಹೆಪ್ಪುಗಟ್ಟಿದ್ದೋ ಗರ್ಭಪಾತಗಳೋ ಇದ್ದರೆ ಮಾತ್ರ ಆ ಫಲಿತಾಂಶಕ್ಕೆ ಕಾಯಿಲೆಯ ಹೆಸರು ಸಿಗುತ್ತದೆ.

ಇನ್ನೊಂದು ಮಾತು, ಮನೆಗಳಲ್ಲಿ ಜಗಳಕ್ಕೆ ಕಾರಣವಾಗಬಲ್ಲದ್ದು. ಗರ್ಭಿಣಿಯರಿಗೆ ಮಾಡುವ ವಿಡಿಆರ್‌ಎಲ್ ಪರೀಕ್ಷೆಯಲ್ಲಿ ಕಾರ್ಡಿಯೊಲಿಪಿನ್ ಬಳಸುವುದರಿಂದ, ಎಪಿಎಸ್ ಇದ್ದವರಿಗೆ ಸಿಫಿಲಿಸ್ ಇಲ್ಲದಿದ್ದರೂ ಪಾಸಿಟಿವ್ ಬರಬಹುದು. ಯಾರನ್ನೂ ಅನುಮಾನಿಸುವ ಮೊದಲು ಟಿಪಿಎಚ್‌ಎ ಮಾಡಿಸಿ.

ವಾರ್ಫರಿನ್ ಶುರುವಾದ ಮೇಲೆ ಸಾಮಾನ್ಯವಾಗಿ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು. ಕೆಲವರಲ್ಲಿ ಇದೇ ಪ್ರತಿಕಾಯಗಳು ಐಎನ್‌ಆರ್ ಅನ್ನೂ ಹೆಚ್ಚಾಗಿ ತೋರಿಸುತ್ತವೆ, ಮುಖ್ಯವಾಗಿ ಬೆರಳು ಚುಚ್ಚಿ ನೋಡುವ ಯಂತ್ರಗಳಲ್ಲಿ. ಮನೆಯ ಯಂತ್ರ 4 ತೋರಿಸಿದರೆ ಡೋಸ್ ಇಳಿಸುವ ಮೊದಲು ಅಂದೇ ವೈದ್ಯರಿಗೆ ಫೋನ್ ಮಾಡಿ, ಲ್ಯಾಬಿನಲ್ಲಿ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಮತ್ತೊಮ್ಮೆ ನೋಡಿಸಬೇಕೇ ಎಂದು ಕೇಳಿ.