ಯಂತ್ರದ ಪಕ್ಕ ನಿಂತವರು ಯಾರು?

ಹಳೆಯ ಯಂತ್ರಗಳ ಛಾಯಾಚಿತ್ರ ಕಂಡಾಗ ನಮ್ಮ ಕಣ್ಣು ಮೊದಲು ಹೋಗುವುದು ಚಕ್ರ, ಸರಪಳಿ, ಕೊಳವೆಗಳ ಕಡೆಗೆ. ಆದರೆ ಚಿತ್ರದ ಅರ್ಥ ತಿಳಿಯಬೇಕಾದರೆ ಯಂತ್ರದ ಪಕ್ಕದಲ್ಲಿರುವ ಮನುಷ್ಯನನ್ನೂ ನೋಡಬೇಕು.

1857ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ಕಬ್ಬಿಣದ ಹಡಗು ಸಿದ್ಧವಾಗುತ್ತಿತ್ತು. ಉದ್ದ ಸುಮಾರು 211 ಮೀಟರ್. ಆಗ ಜಗತ್ತಿನಲ್ಲೇ ಅತಿ ದೊಡ್ಡ ಹಡಗು. ಅದರ ಎಂಜಿನಿಯರ್ ಬ್ರುನೆಲ್‌ನ ಚಿತ್ರವನ್ನು ರಾಬರ್ಟ್ ಹೌಲೆಟ್ ತೆಗೆದ. ಬೆನ್ನ ಹಿಂದೆ ಆಳೆತ್ತರಕ್ಕೂ ಮೀರಿದ ಸರಪಳಿಗಳು. ಬಾಯಲ್ಲಿ ಸಿಗಾರ್, ಜೇಬಿನಲ್ಲಿ ಕೈ, ಷರಾಯಿಗೆ ಮೆತ್ತಿದ ಕೆಸರು. ಕಬ್ಬಿಣವನ್ನೇ ಪಳಗಿಸಿದವನ ಠೀವಿ! ಕಬ್ಬಿಣವೇನೋ ಅಷ್ಟು ಸುಲಭವಾಗಿ ಪಳಗಲಿಲ್ಲ. ನವೆಂಬರ್ 3ರಂದು ಹಡಗನ್ನು ನೀರಿಗಿಳಿಸುವ ಯತ್ನ ವಿಫಲವಾಗಿ, ಅದು ನದಿಗೆ ಇಳಿದದ್ದು 1858ರ ಜನವರಿ 31ರಂದು. ಆದರೂ ಜನರ ನೆನಪಿನಲ್ಲಿ ಉಳಿದದ್ದು ಆ ಠೀವಿಯೇ.

ಅರ್ಧ ಶತಮಾನದ ನಂತರ ಅಮೆರಿಕದ ಲೂಯಿಸ್ ಹೈನ್ ಕ್ಯಾಮೆರಾವನ್ನು ಬೇರೆಡೆಗೆ ತಿರುಗಿಸಿದ. ಶಾಲಾ ಉಪಾಧ್ಯಾಯನಾಗಿದ್ದ ಆತ 1908ರಲ್ಲಿ ಕೆಲಸ ಬಿಟ್ಟು ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಗಿರಣಿ, ಗಣಿಗಳನ್ನು ಸುತ್ತಿದ. ಮಾಲೀಕರು ಒಳಗೆ ಬಿಡದಿದ್ದಾಗ ವೇಷ ಮರೆಸಿ ನುಗ್ಗಿದ್ದೂ ಉಂಟು. ತನ್ನ ಕೋಟಿನ ಗುಂಡಿಗಳನ್ನೇ ಅಳತೆಗೋಲಾಗಿಸಿಕೊಂಡು ಮಕ್ಕಳ ಎತ್ತರವನ್ನು ಅಂದಾಜು ಮಾಡುತ್ತಿದ್ದ.

ಅದೇ ವರ್ಷ ದಕ್ಷಿಣ ಕೆರೊಲಿನಾದ ಹತ್ತಿ ಗಿರಣಿಯಲ್ಲಿ ತೆಗೆದ ಚಿತ್ರವೊಂದರಲ್ಲಿ ನೂಲುವ ಯಂತ್ರಗಳ ಸಾಲು ಮುಗಿಯುವುದೇ ಇಲ್ಲ ಎನ್ನುವಂತೆ ಚಾಚಿದೆ. ಅದರೆದುರು ಪುಟ್ಟ ಹುಡುಗಿಯೊಬ್ಬಳು ನಿಂತಿದ್ದಾಳೆ. ಎತ್ತರ 48 ಅಂಗುಲ, ಕೆಲಸಕ್ಕೆ ಸೇರಿ ಅರ್ಧ ವರ್ಷ ಎಂದು ಹೈನ್ ಬರೆದಿಟ್ಟಿದ್ದಾನೆ. ಬ್ರುನೆಲ್‌ನ ಹಿಂದೆ ಗೆಲುವಿನ ಗುರುತಾಗಿದ್ದ ಯಂತ್ರ ಇಲ್ಲಿ ಬಾಲ್ಯವನ್ನೇ ನುಂಗುವ ಬಾಯಿಯಂತೆ ಕಾಣುತ್ತದೆ.

ಹಾಗೆಂದು ಹೈನ್ ಯಂತ್ರದ ಶತ್ರುವಲ್ಲ. 1920ರಲ್ಲಿ ವಿದ್ಯುದಾಗಾರವೊಂದರ ಕೆಲಸಗಾರನ ಚಿತ್ರ ತೆಗೆದ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಾಗಿದ ಅವನ ಬೆನ್ನು ಎದುರಿನ ಉಗಿಪಂಪಿನ ದುಂಡನೆಯ ಆಕಾರಕ್ಕೆ ಸರಿಯಾಗಿ ಹೊಂದುತ್ತದೆ. ಇಲ್ಲಿ ಕಾಣುವುದು ದುಡಿಮೆಯ ಘನತೆ. ಆದರೆ ಈ ಭಂಗಿಯನ್ನು ಯೋಚಿಸಿಯೇ ಹೊಂದಿಸಿದ್ದು ಎಂಬುದನ್ನೂ ಮರೆಯುವಂತಿಲ್ಲ.

1938ರಲ್ಲಿ ಅಮೆರಿಕ ಬಾಲದುಡಿಮೆಗೆ ಕಾನೂನಿನ ಕಡಿವಾಣ ಹಾಕಿತು. ಅದಕ್ಕೆ ಜನಾಭಿಪ್ರಾಯ ರೂಪಿಸಿದವುಗಳಲ್ಲಿ ಹೈನ್‌ನ ಚಿತ್ರಗಳೂ ಸೇರಿವೆ. ಎರಡೇ ವರ್ಷದಲ್ಲಿ, 1940ರಲ್ಲಿ, ಆತ ಬಡತನದಲ್ಲೇ ತೀರಿಕೊಂಡ.

ಪಠ್ಯಪುಸ್ತಕದಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ಬಂದಾಗ ತಂದೆತಾಯಿ ಮಕ್ಕಳೊಡನೆ ಕೂತು ಚಿತ್ರಗಳನ್ನೂ ಓದಬಹುದು. ಇದು ಯಾವ ಯಂತ್ರ ಎಂದು ಕೇಳಿದ ಮೇಲೆ, ಅದನ್ನು ನಡೆಸುತ್ತಿದ್ದವರು ಯಾರು, ಅವರ ವಯಸ್ಸೆಷ್ಟು ಎಂದೂ ಕೇಳಿ ನೋಡಿ.