ಮಂಪರಿಗೊಂದು ಸಂಕೇತ, ಕಾರಣಕ್ಕೆ ಖಾಲಿ ಕಾಲಂ

‘ಆಲ್ಟರ್ಡ್ ಸೆನ್ಸೋರಿಯಂ, ಫಾರ್ ಇವ್ಯಾಲ್ಯುಯೇಷನ್.’ ಪ್ರಜ್ಞೆಯಲ್ಲಿ ವ್ಯತ್ಯಾಸ, ತಪಾಸಣೆಯಾಗಬೇಕು ಎಂದರ್ಥ. ನಮ್ಮ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ದಿನಕ್ಕೆಷ್ಟು ಕೇಸ್ ಶೀಟುಗಳು ಈ ಸಾಲಿನಿಂದ ಶುರುವಾಗುತ್ತವೋ! ಮನೆಯವರು ಹೇಳಿದ್ದು ಒಬ್ಬೊಬ್ಬರದು ಒಂದೊಂದು ಬಗೆ. ಬೆಳಿಗ್ಗೆ ಎಬ್ಬಿಸಿದರೆ ಮಗು ಏಳಲಿಲ್ಲ ಎಂದು ಒಬ್ಬರು, ಅಜ್ಜ ರಾತ್ರಿಯಿಡೀ ಬಡಬಡಿಸುತ್ತಿದ್ದರು ಎಂದು ಇನ್ನೊಬ್ಬರು, ಹೊಲದಲ್ಲಿ ಕುಸಿದವರು ನಮ್ಮ ಗುರುತೇ ಹಿಡಿಯುತ್ತಿಲ್ಲ ಎಂದು ಮತ್ತೊಬ್ಬರು. ಇಷ್ಟನ್ನೂ ವೈದ್ಯರು ಒಂದು ಸಾಲಿಗೆ ಇಳಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ರೋಗಿ ಬಂದ ಮೊದಲ ಹತ್ತು ನಿಮಿಷದಲ್ಲಿ ಅದಕ್ಕಿಂತ ಹೆಚ್ಚು ಹೇಳುವುದು ಹಲವು ಸಲ ಸಾಧ್ಯವೂ ಇಲ್ಲ. ನನ್ನ ತಕರಾರು ಇರುವುದು, ಒಳಬರುವಾಗ ಬರೆದ ಅದೇ ಸಾಲು ಡಿಸ್ಚಾರ್ಜ್ ಸಮ್ಮರಿಯಲ್ಲೋ ಮರಣ ಪ್ರಮಾಣಪತ್ರದಲ್ಲೋ ಹಾಗೇ ಉಳಿದು, ಒಂದು ಸಂಕೇತವಾಗಿ ಸರ್ಕಾರಿ ಅಂಕಿಅಂಶಗಳಿಗೆ ಸೇರಿಕೊಳ್ಳುವುದರ ಬಗ್ಗೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೆಯ ಆವೃತ್ತಿ, ಅಂದರೆ ಐಸಿಡಿ-10, ಪ್ರತಿ ಕಾಯಿಲೆಗೂ ಒಂದು ಅಕ್ಷರ ಮತ್ತು ಕೆಲವು ಅಂಕಿಗಳನ್ನು ಕೊಟ್ಟಿದೆ. ತೂಕಡಿಕೆ, ಮಂಪರು, ಕೋಮಾ ಮೂರೂ ಆರ್40ರ ಕೆಳಗೆ ಬರುತ್ತವೆ. ಊರು, ದಿನ, ಮನುಷ್ಯರ ಗುರುತು ತಪ್ಪುವುದು ಆರ್41ರಲ್ಲಿ. ‘ಆರ್’ ಎಂಬ ಅಕ್ಷರ ಹದಿನೆಂಟನೆಯ ಅಧ್ಯಾಯದ್ದು. ಬೇರೆಲ್ಲೂ ವರ್ಗೀಕರಿಸಲಾಗದ ಲಕ್ಷಣಗಳ ಅಧ್ಯಾಯ ಅದು. ಕಾರಣ ಗೊತ್ತಾದ ಮೇಲೆ ರೋಗಿಯನ್ನು ಅಲ್ಲಿಂದ ಹೊರಡಿಸಿ ಸರಿಯಾದ ಮನೆಗೆ ಕಳಿಸಬೇಕು ಎಂಬುದು ಅಧ್ಯಾಯದ ಆಶಯ. ಸಕ್ಕರೆ ಕುಸಿದಿದ್ದರೆ ಇ16, ಜಪಾನಿ ಮಿದುಳುಜ್ವರವಾಗಿದ್ದರೆ ಎ83, ಸ್ಕ್ರಬ್ ಟೈಫಸ್ ಆಗಿದ್ದರೆ ಎ75, ಉಷ್ಣಾಘಾತವಾಗಿದ್ದರೆ ಟಿ67, ಡೆಲಿರಿಯಂ, ಅಂದರೆ ಹಠಾತ್ ಮನೋಗೊಂದಲ, ಆಗಿದ್ದರೆ ಎಫ್05. ಮೇಲೆ ಹೇಳಿದ ಮಗು, ಮುದುಕ, ಹೊಲದ ಆಳು ಈ ಐದರಲ್ಲಿ ಯಾವುದಕ್ಕೆ ಬೇಕಾದರೂ ಸೇರಬಹುದು. ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಮಾಪನದಲ್ಲಿ ಮೂವರಿಗೂ 8 ಅಂಕವೇ ಬಂದಿರಲೂಬಹುದು. ಆದರೆ ಒಬ್ಬರಿಗೆ ಬೇಕಾದದ್ದು ಗ್ಲೂಕೋಸ್, ಒಬ್ಬರಿಗೆ ಡಾಕ್ಸಿಸೈಕ್ಲಿನ್, ಇನ್ನೊಬ್ಬರಿಗೆ ತಣ್ಣೀರು ಮತ್ತು ಮಂಜುಗಡ್ಡೆ.

ಈ ಗೊಂದಲಕ್ಕೆ ತೆತ್ತ ಬೆಲೆಯನ್ನು ನಮ್ಮ ದೇಶ ಎರಡು ಊರುಗಳಲ್ಲಿ ಕಂಡಿದೆ.

ಮೊದಲನೆಯದು ಉತ್ತರ ಪ್ರದೇಶದ ಗೋರಖ್‌ಪುರ. 2005ರ ಮಳೆಗಾಲದಲ್ಲಿ ಆ ಭಾಗದಲ್ಲಿ 1,300ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಮಕ್ಕಳೇ ಹೆಚ್ಚು. ಜಪಾನಿ ಮಿದುಳುಜ್ವರ ಎಂದು ಗುರುತಿಸಿ 2006ರಿಂದ ಲಸಿಕೆ ಹಾಕಲಾಯಿತು. ಅದು ಸರಿಯಾದ ಹೆಜ್ಜೆಯೇ. ಆ ವೈರಸ್ಸಿನ ಪಾಲು ಇಳಿಯಿತು. ಆದರೆ ವಾರ್ಡುಗಳು ಮಾತ್ರ ಪ್ರತಿ ಮಳೆಗಾಲವೂ ತುಂಬುತ್ತಲೇ ಇದ್ದವು. ಆ ಮಕ್ಕಳನ್ನೆಲ್ಲ ದಾಖಲಿಸುತ್ತಿದ್ದದ್ದು ಅಕ್ಯೂಟ್ ಎನ್ಸೆಫಲೈಟಿಸ್ ಸಿಂಡ್ರೋಮ್, ಅಂದರೆ ಎಇಎಸ್, ಎಂಬ ಹೆಸರಿನಲ್ಲಿ. ಹಠಾತ್ ಜ್ವರ, ಅದರ ಜೊತೆಗೆ ಪ್ರಜ್ಞೆಯಲ್ಲಿ ವ್ಯತ್ಯಾಸ ಅಥವಾ ಹೊಸದಾಗಿ ಬಂದ ಫಿಟ್ಸ್: ಎಇಎಸ್‌ನ ವ್ಯಾಖ್ಯೆ ಇಷ್ಟೇ. ಜಪಾನಿ ಮಿದುಳುಜ್ವರ ತಪ್ಪಿಸಿಕೊಳ್ಳದಿರಲಿ ಎಂದು ಬೇಕೆಂದೇ ಅಗಲವಾಗಿ ನೇಯ್ದ ಬಲೆ ಅದು. ಬಲೆಯಲ್ಲಿ ಬಿದ್ದದ್ದಕ್ಕೆಲ್ಲ ಬಲೆಯ ಹೆಸರನ್ನೇ ಇಟ್ಟದ್ದು ಆಮೇಲೆ ಆದ ಎಡವಟ್ಟು. ಪತ್ರಿಕೆಗಳಲ್ಲಿ, ವಿಧಾನಸಭೆಯ ಚರ್ಚೆಗಳಲ್ಲಿ, ಪರಿಹಾರದ ಕಡತಗಳಲ್ಲಿ ಎಇಎಸ್ ಒಂದು ರೋಗವೇ ಆಗಿಹೋಯಿತು. 2015ರ ಸುಮಾರಿಗೆ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆಯ ಮನೋಜ್ ಮುರ್ಹೇಕರ್ ಮತ್ತು ಜೊತೆಗಾರರು ಗೋರಖ್‌ಪುರದ ಎಇಎಸ್ ರೋಗಿಗಳ ರಕ್ತ ಪರೀಕ್ಷಿಸಿದಾಗ ಶೇಕಡ 60ರಷ್ಟು ಜನರಲ್ಲಿ ಸ್ಕ್ರಬ್ ಟೈಫಸ್ ಸೋಂಕಿನ ಗುರುತು ಸಿಕ್ಕಿತು. ಪೊದೆ, ಹುಲ್ಲುಗಳಲ್ಲಿರುವ ಚಿಗ್ಗರ್ ಎಂಬ ಸಣ್ಣ ನುಸಿಮರಿ ಕಚ್ಚಿ ಹರಡುವ ಬ್ಯಾಕ್ಟೀರಿಯಾ ಅದು. ಜ್ವರ ಬಂದ ಮೊದಲ ದಿನಗಳಲ್ಲಿ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್ ಕೊಟ್ಟರೆ ಸಾಮಾನ್ಯವಾಗಿ ಮಿದುಳಿನ ತನಕ ಹೋಗುವುದೇ ಇಲ್ಲ. ತೀರಾ ಅಗ್ಗದ ಔಷಧಗಳು ಇವು. ಲಸಿಕೆ ಬಂದದ್ದು 2006ರಲ್ಲಿ, ಈ ಉತ್ತರ ಬಂದದ್ದು 2015ರಲ್ಲಿ. ನಡುವಿನ ಮಳೆಗಾಲಗಳನ್ನು ಓದುಗರೇ ಎಣಿಸಿಕೊಳ್ಳಬಹುದು.

ಎರಡನೆಯದು ಬಿಹಾರದ ಮುಜಫ್ಫರ್‌ಪುರ. ಇಲ್ಲಿ ಸ್ವಲ್ಪ ನಿಧಾನಿಸಬೇಕು. 1995ರಿಂದ ಈಚೆಗೆ ಮೇ-ಜೂನ್ ಬಂತೆಂದರೆ ಇಲ್ಲಿನ ಮಕ್ಕಳಿಗೆ ಬೆಳಗಿನ ಜಾವ ಫಿಟ್ಸ್ ಬರುತ್ತಿತ್ತು, ಸೂರ್ಯ ಮೇಲೇರುವುದರೊಳಗೆ ಕೋಮಾ. ಊರಿನವರು ಅದನ್ನು ಚಮ್ಕಿ ಬುಖಾರ್ (ಜ್ವರ) ಎಂದರು, ಸರ್ಕಾರ ಎಇಎಸ್ ಎಂದಿತು. ಎರಡೂ ಹೆಸರುಗಳು ಹುಡುಕುವವರನ್ನು ಸೋಂಕಿನ ಕಡೆಗೇ ಎಳೆದವು. 2013ರಲ್ಲಿ ತನಿಖೆಗೆ ಹೋದವರ ಕಣ್ಣಿಗೆ ಬಿದ್ದದ್ದು ಬೇರೆಯೇ ಚಿತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆಸ್ಪತ್ರೆ ಸೇರುವಾಗ ಜ್ವರವೇ ಇರಲಿಲ್ಲ. ಬೆನ್ನುಹುರಿಯ ದ್ರವದಲ್ಲಿ ಉರಿಯೂತದ ಸುಳಿವು ವಿರಳ. ವೆಲ್ಲೂರಿನ ಹಿರಿಯ ವೈರಾಣು ತಜ್ಞ ಟಿ. ಜೇಕಬ್ ಜಾನ್ ಮತ್ತು ಮುಜಫ್ಫರ್‌ಪುರದ ಮಕ್ಕಳ ವೈದ್ಯ ಅರುಣ್ ಶಾ ಇದು ಎನ್ಸೆಫಲೈಟಿಸ್ಸೇ ಅಲ್ಲ, ಸಕ್ಕರೆ ಕುಸಿದು ಮಿದುಳು ಕೆಟ್ಟ ಸ್ಥಿತಿ ಎಂದು ವಾದಿಸಿದರು. 2014ರ ಬೇಸಿಗೆಯಲ್ಲಿ ನಡೆದ ದೊಡ್ಡ ತನಿಖೆಯ ವರದಿ 2017ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಪ್ರಕಟವಾಯಿತು. ಆ ಬೇಸಿಗೆಯಲ್ಲಿ ದಾಖಲಾದ 390 ಮಕ್ಕಳಲ್ಲಿ 122 ಮಕ್ಕಳು ತೀರಿಕೊಂಡಿದ್ದರು. ರಕ್ತದ ಸಕ್ಕರೆ ಅಳೆದ 327 ಮಕ್ಕಳಲ್ಲಿ 204 ಮಂದಿಗೆ ಅದು ಡೆಸಿಲೀಟರಿಗೆ 70 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿತ್ತು.

ಕಾರಣದ ಎಳೆ ಲಿಚಿ ತೋಟಗಳಿಗೆ ಹೋಗಿ ಮುಟ್ಟಿತು. ಲಿಚಿಯಲ್ಲಿ ಹೈಪೊಗ್ಲೈಸಿನ್-ಎ ಮತ್ತು ಎಂಸಿಪಿಜಿ ಎಂಬ ಎರಡು ವಸ್ತುಗಳಿವೆ. ಕೊಬ್ಬನ್ನು ಉರಿಸಿ ಶಕ್ತಿ ಪಡೆಯುವ ಮತ್ತು ಯಕೃತ್ತಿನಲ್ಲಿ ಹೊಸದಾಗಿ ಸಕ್ಕರೆ ತಯಾರಿಸುವ ದಾರಿಯನ್ನೇ ಇವು ಮುಚ್ಚುತ್ತವೆ. ಹೊಟ್ಟೆ ತುಂಬ ಉಂಡ ಮಗುವಿಗೆ ಏನೂ ಆಗದೆ ಇರಬಹುದು. ಹಗಲೆಲ್ಲ ತೋಟದಲ್ಲಿ ಬಿದ್ದ ಹಣ್ಣು ತಿಂದು, ರಾತ್ರಿ ಊಟವಿಲ್ಲದೆ ಮಲಗಿದ ಸೊರಗಿದ ಮಗುವಿಗೆ ನಸುಕಿನ ಹೊತ್ತಿಗೆ ದಾಸ್ತಾನು ತೀರಿರುತ್ತದೆ. ಪರೀಕ್ಷಿಸಿದ 73 ಮೂತ್ರ ಮಾದರಿಗಳಲ್ಲಿ 48ರಲ್ಲಿ ಈ ವಿಷಗಳ ಕುರುಹು ಸಿಕ್ಕಿತು. ಲಿಚಿಯೊಂದನ್ನೇ ದೂರಬಾರದು, ಬಿಸಿಲು, ಬಡತನ, ಅಪೌಷ್ಟಿಕತೆ ಎಲ್ಲ ಸೇರಿವೆ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಆದರೆ ಸಕ್ಕರೆ ಕುಸಿದಿತ್ತೆಂಬುದನ್ನು ಅಳೆದು ನೋಡಿಯಾಗಿದೆ. ತಡಮಾಡದೆ ಗ್ಲೂಕೋಸ್ ಕೊಟ್ಟು ಅದನ್ನು ಸರಿಪಡಿಸಬಹುದು ಎಂಬುದೂ ಹೊಸ ವಿಷಯವೇನಲ್ಲ. ಸಂಜೆ ಊಟ, ಬಂದ ಕೂಡಲೇ ಸಕ್ಕರೆ ತಪಾಸಣೆ ಎಂಬ ಸಲಹೆಗಳು ಹೊರಟ ಮೇಲಿನ ವರ್ಷಗಳಲ್ಲಿ ಪ್ರಕರಣಗಳು ಇಳಿದವು. 2019ರ ಉರಿಬಿಸಿಲಿನಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು, ಮತ್ತೆ ಎಇಎಸ್ ಎಂಬ ಹೆಸರಿನಲ್ಲೇ.

ಇದು ಬರೀ ಉತ್ತರದ ಕಥೆ ಎಂದುಕೊಳ್ಳುವ ಹಾಗಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರ ಜಪಾನಿ ಮಿದುಳುಜ್ವರದ ಹಾವಳಿ ಕಂಡಿದೆ. ಮಲೆನಾಡಿನ ಮಂಗನ ಕಾಯಿಲೆ ಎರಡನೆಯ ಹಂತದಲ್ಲಿ ಪ್ರಜ್ಞೆಯನ್ನು ಕದಡಬಲ್ಲದು. ಸ್ಕ್ರಬ್ ಟೈಫಸ್ ಅದೇ ಶಿವಮೊಗ್ಗ, ಉಡುಪಿ ಕಡೆಯೂ ಇದೆ. ಒಂದೇ ಕಾಡಂಚಿನ ಊರಿನಿಂದ ಜ್ವರ, ಮಂಪರು ಎಂದು ಬಂದ ಇಬ್ಬರಲ್ಲಿ ಒಬ್ಬರಿಗೆ ವೈರಸ್ಸು, ಒಬ್ಬರಿಗೆ ಬ್ಯಾಕ್ಟೀರಿಯಾ ಇರಬಹುದು. ಇಬ್ಬರಿಗೂ ಒಂದೇ ಲಕ್ಷಣ-ಸಂಕೇತ ಬಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಯ ನಕಾಶೆಯಲ್ಲಿ ಎರಡೂ ಕಾಣುವುದಿಲ್ಲ. ಹುಡುಕಿದರೆ ಸಿಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಪುರಾವೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ಅಸ್ಸಾಂ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳದ ಆಸ್ಪತ್ರೆಗಳಲ್ಲಿ ಎಇಎಸ್ ರೋಗಿಗಳಿಗೆ ಹಂತಹಂತವಾಗಿ ಹೆಚ್ಚಿನ ಪರೀಕ್ಷೆ ಮಾಡಿಸಿದಾಗ ಕಾರಣ ಪತ್ತೆಯಾದವರ ಪಾಲು ಏರಿತು.

ಸಾವಿನ ಲೆಕ್ಕದ ಕಥೆ ಇನ್ನೂ ತೆಳು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇಕಡ 22.5 ಮಾತ್ರ. ಆ ಪ್ರಮಾಣಪತ್ರಗಳಲ್ಲೂ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’ ಎಂಬಂಥ ಬರಹ ಸಾಮಾನ್ಯ. ಹೃದಯ, ಉಸಿರು ನಿಲ್ಲದೆ ಯಾರಾದರೂ ಸಾಯುತ್ತಾರೆಯೇ? ಜಾಗತಿಕ ರೋಗಹೊರೆಯ ಅಧ್ಯಯನಕಾರರು ಇಂಥವನ್ನು ಗಾರ್ಬೇಜ್ ಕೋಡ್, ಅಂದರೆ ಕಸದ ಸಂಕೇತ, ಎಂದು ಕರೆಯುತ್ತಾರೆ. ಒರಟು ಮಾತು, ಆದರೆ ಸರಿಯಾದದ್ದು.

ಈಗ ಮುಂದೆ ಬರುವುದನ್ನು ನೋಡೋಣ. ನನಗೆ ಎಲ್ಲಕ್ಕಿಂತ ಹತ್ತಿರದಲ್ಲಿ ಕಾಣುತ್ತಿರುವ ಅಪಾಯ ಬಿಸಿಲು. ಮೈಯೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಜೊತೆಗೆ ಪ್ರಜ್ಞೆ ಏರುಪೇರಾದರೆ ಅದು ಉಷ್ಣಾಘಾತ. ಅಂದರೆ ಪ್ರಜ್ಞೆಯ ವ್ಯತ್ಯಾಸ ಆ ರೋಗದ ವ್ಯಾಖ್ಯೆಯಲ್ಲೇ ಇದೆ. ಉಷ್ಣತೆ ಅಳೆಯದೆ ಹೋದರೆ, ಅಥವಾ ಆಂಬುಲೆನ್ಸಿನಲ್ಲಿ ನೀರು ಹಾಕಿ ತಂಪಾದ ಮೇಲೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ, ಉಳಿಯುವುದು ಮತ್ತದೇ ಆಲ್ಟರ್ಡ್ ಸೆನ್ಸೋರಿಯಂ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ಸಾಮಾನ್ಯ ಮೇ ತಿಂಗಳಿಗಿಂತ 1,344 ಸಾವು ಹೆಚ್ಚಾಗಿದ್ದವು ಎಂದು ಸಂಶೋಧಕರು ಆಮೇಲೆ ಲೆಕ್ಕಹಾಕಿದರು. ಉಷ್ಣಾಘಾತವೆಂದು ಕಾಗದದ ಮೇಲೆ ಬಂದದ್ದು ಅದರ ಚಿಕ್ಕ ಚೂರು. ಆ ಹೆಚ್ಚುವರಿ ಲೆಕ್ಕದ ಬಲದಿಂದಲೇ 2013ರಲ್ಲಿ ಆ ನಗರ ತನ್ನ ಬಿಸಿಲು ಕಾರ್ಯಯೋಜನೆ ರೂಪಿಸಿತು. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಅಲ್ಲಿ ಕಟ್ಟಡ ಕೆಲಸದವರು, ತೊಗರಿ ಹೊಲದವರು ಎಷ್ಟು ಮಂದಿ ಬಿಸಿಲಿಗೆ ಬಲಿಯಾಗುತ್ತಿದ್ದಾರೆ ಎಂಬ ಪ್ರಶ್ನೆಗೆ ಟಿ67ರ ಎಣಿಕೆಯಿಂದ ಉತ್ತರ ಹುಡುಕಹೊರಟರೆ ನಿಜಕ್ಕಿಂತ ಬಹಳ ಕಡಿಮೆಯೇ ಸಿಗುತ್ತದೆ. ನೆರಳು, ನೀರು, ಕೆಲಸದ ಹೊತ್ತು ಬದಲಿಸುವ ಆದೇಶ ಎಲ್ಲ ಆ ಎಣಿಕೆಯನ್ನೇ ಕಾಯುತ್ತಿರುತ್ತವೆ.

ಎರಡನೆಯ ಅಪಾಯ ಮನೆಯೊಳಗಿದೆ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ದೇಶದ ಶೇಕಡ 8.6, 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಎಂಬ ಅಂದಾಜಿದೆ. ವಯಸ್ಸಾದವರಲ್ಲಿ ಮೂತ್ರದ ಸೋಂಕು, ನ್ಯುಮೋನಿಯಾ, ಬಿಪಿ ಮಾತ್ರೆಯಿಂದ ಇಳಿದ ಸೋಡಿಯಂ, ನಿದ್ದೆ ಮಾತ್ರೆ, ಕಡೆಗೆ ಕಟ್ಟಿದ ಮೂತ್ರ ಕೂಡ ಡೆಲಿರಿಯಂ ತರಬಲ್ಲವು. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಶುರುವಾಗಿ ಏರುತ್ತ ಇಳಿಯುತ್ತ ಇರುವುದು ಅದರ ಚಹರೆ. ವೈದ್ಯೆ ಶ್ಯಾರನ್ ಇನೌಯಿ 1990ರಲ್ಲೇ ಕೆಲವೇ ನಿಮಿಷಗಳಲ್ಲಿ ಅದನ್ನು ಗುರುತಿಸುವ ವಿಧಾನ ಕೊಟ್ಟಿದ್ದಾರೆ. ಆದರೂ ಗಲಾಟೆ ಮಾಡದೆ ಸುಮ್ಮನೆ ಮಂಕಾಗಿ ಮಲಗುವ ಡೆಲಿರಿಯಂ ಎಲ್ಲ ದೇಶಗಳಲ್ಲೂ ತಪ್ಪಿಹೋಗುತ್ತದೆ, ಆಸ್ಪತ್ರೆಯ ಸಂಕೇತಗಳಲ್ಲಂತೂ ಅದರ ಬಹುಭಾಗ ಕಾಣುವುದೇ ಇಲ್ಲ. ನಮ್ಮಲ್ಲಿ ಮನೆಯವರೇ ಒಂದು ಸಂಕೇತ ಕೊಟ್ಟು ಕರೆತಂದಿರುತ್ತಾರೆ: ಅರವತ್ತಕ್ಕೆ ಅರಳು ಮರಳು. 2010ರಲ್ಲಿ ‘ಜಾಮಾ’ ಪ್ರಕಟಿಸಿದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ, ಡೆಲಿರಿಯಂ ಆದ ಹಿರಿಯರ ಸಾವಿನ ಅಪಾಯ ಆಗದವರದ್ದಕ್ಕಿಂತ ಸುಮಾರು ಎರಡು ಪಟ್ಟಿತ್ತು. ಗುಣವಾಗಬಲ್ಲ ಈ ಸ್ಥಿತಿಗೆ ಗುಣವಾಗದ ಡಿಮೆನ್ಷಿಯಾದ ಎಫ್03 ಸಂಕೇತ ಬಿದ್ದರೆ ಸೋಡಿಯಂ ನೋಡುವವರಿಲ್ಲ. 2021ರಲ್ಲಿ ಶುರುವಾದ ಡಿಜಿಟಲ್ ಆರೋಗ್ಯ ಅಭಿಯಾನದ ಆಭಾ ಸಂಖ್ಯೆಗೆ ಆ ಸಂಕೇತ ಅಂಟಿಕೊಂಡರೆ, ಮುಂದಿನ ಊರಿನ, ಮುಂದಿನ ವೈದ್ಯರೂ ಅದನ್ನೇ ಓದಿ ಮುಂದುವರಿಯುತ್ತಾರೆ.

ಸಂಕೇತದ ಆಯ್ಕೆಗೆ ಹಣವೂ ಸೇರಿದಾಗ ಏನಾಗುತ್ತದೆ ಎಂಬುದನ್ನು ಅಮೆರಿಕ ತೋರಿಸಿದೆ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಪಾವತಿಯಲ್ಲಿ ಒಂದೇ ರೋಗಿಯ ಗೊಂದಲವನ್ನು ಡೆಲಿರಿಯಂ ಎಂದು ಬರೆದರೆ ಒಂದು ದರ್ಜೆ, ಮೆಟಬಾಲಿಕ್ ಎನ್ಸೆಫಲೋಪತಿ ಎಂದು ಬರೆದರೆ ಅದಕ್ಕಿಂತ ಮೇಲಿನ ದರ್ಜೆ, ಬರೀ ಪ್ರಜ್ಞೆಯ ವ್ಯತ್ಯಾಸ ಎಂದರೆ ಹೆಚ್ಚುವರಿ ಏನೂ ಇಲ್ಲ. ಯಾವ ಪದ ಬಳಸಬೇಕೆಂದು 2020ರಲ್ಲಿ ಹತ್ತು ವೈದ್ಯಕೀಯ ಸಂಘಗಳು ಕೂತು ಒಮ್ಮತದ ಹೇಳಿಕೆ ಹೊರಡಿಸಬೇಕಾಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳಲ್ಲಿ ನಮ್ಮ ಆಸ್ಪತ್ರೆಗಳಿಗೂ ಹಣ ಬರುವುದು ಪ್ಯಾಕೇಜಿನ ಹೆಸರಿನ ಮೇಲೆ. ಹೆಸರು ಹಣದ ಕಡೆಗೆ ವಾಲದಂತೆ ತಡೆಯುವ ಲೆಕ್ಕಪರಿಶೋಧನೆ ಮೊದಲೇ ಇರದಿದ್ದರೆ, ಅಂಕಿಅಂಶ ಕೆಟ್ಟ ಮೇಲೆ ತಿದ್ದುವುದು ಕಷ್ಟ. ಇದೇ ದಾಖಲೆಗಳನ್ನು ಉಣಿಸಿ ಬೆಳೆಸುವ ರೋಗನಿರ್ಣಯ ಸಾಫ್ಟ್‌ವೇರುಗಳು ಜ್ವರ ಮತ್ತು ಮಂಪರಿನ ಮಗುವಿಗೆ ಯಾವುದನ್ನು ಮೊದಲು ಸೂಚಿಸುತ್ತವೆ? ಹಿಂದೆ ಹೆಚ್ಚಾಗಿ ಬರೆದದ್ದನ್ನು.

2022ರ ಜನವರಿ 1ರಿಂದ ಜಾರಿಯಲ್ಲಿರುವ ಐಸಿಡಿ-11 ಒಂದು ಅವಕಾಶ ಕೊಟ್ಟಿದೆ. ಅದರಲ್ಲಿ ಲಕ್ಷಣದ ಸಂಕೇತಕ್ಕೆ ಕಾರಣದ ಸಂಕೇತವನ್ನು ಜೋಡಿಸಿ ಒಂದೇ ಗೊಂಚಲಾಗಿ ಬರೆಯಬಹುದು. ಆದರೆ ಜೋಡಿಸಲೇಬೇಕು ಎಂದು ಯಾವ ಪರದೆಯೂ ತಾನಾಗಿ ಕೇಳುವುದಿಲ್ಲ. ಕೇಳುವಂತೆ ನಾವು ಬರೆಸಬೇಕು. ಡಿಸ್ಚಾರ್ಜ್ ಹೊತ್ತಿನಲ್ಲಿ ಕೋಮಾ, ಮಂಪರು, ಗೊಂದಲ ಎಂಬ ಸಂಕೇತವೊಂದೇ ಉಳಿದಿದ್ದರೆ ಸಕ್ಕರೆ ಎಷ್ಟಿತ್ತು, ಮೈಯೊಳಗಿನ ಉಷ್ಣತೆ ಎಷ್ಟಿತ್ತು, ಸೋಡಿಯಂ ಎಷ್ಟು, ಸ್ಕ್ರಬ್ ಟೈಫಸ್ ಪರೀಕ್ಷೆ ಆಯಿತೇ ಎಂಬ ನಾಲ್ಕು ಖಾನೆ ತುಂಬದೆ ಕಡತ ಮುಚ್ಚದಿರಲಿ. ಕಾರಣ ಸಿಗದಿದ್ದರೂ ಅಡ್ಡಿಯಿಲ್ಲ, ಹುಡುಕಿ ಸಿಗದ್ದಕ್ಕೂ ಹುಡುಕದೆ ಬಿಟ್ಟದ್ದಕ್ಕೂ ದಾಖಲೆಯಲ್ಲಿ ವ್ಯತ್ಯಾಸ ಕಾಣಬೇಕು. ಮೊದಲ ಎರಡು ಖಾನೆಗಳಿಗೆ ಬೇಕಾದದ್ದು ಒಂದು ಗ್ಲೂಕೋಮೀಟರ್ ಮತ್ತು ಗುದದ್ವಾರದ ಉಷ್ಣತೆ ಅಳೆಯುವ ಥರ್ಮಾಮೀಟರ್. ತಾಲ್ಲೂಕು ಆಸ್ಪತ್ರೆಗಳು ಅವನ್ನು ಬರುವ ಮಾರ್ಚ್‌ನೊಳಗೆ ಕೊಂಡು ಇಟ್ಟುಕೊಳ್ಳಬಹುದು.